ಜೋಡಿ ಗಾಳಿಯಂತ್ರಗಳು

ಗದಗು ಸೇರಿದ್ದ ಬೆಳ್ವೊಲ ಮುನ್ನೂರು, ಇಂದಿನ ಲಕ್ಷ್ಮೇಶ್ವರ ಮುಖ್ಯಪಟ್ಟಣವಾಗಿದ್ದ ಪುಲಿಗೆರೆ ಮುನ್ನೂರು, ಈ ಎರಡು ನಾಡುಗಳನ್ನು ನಮ್ಮ ಶಾಸನಗಳು ಒಟ್ಟಾಗಿ ‘ಎರಡರುನೂರು’ ಎಂದು ಕರೆದವು. ಮುನ್ನೂರಕ್ಕೆ ಮುನ್ನೂರು ಕೂಡಿದರೆ ಆರುನೂರು, ಲೆಕ್ಕ ಸರಿಯೇ. ಆದರೆ ಲೋಕದಲ್ಲಿ ಎಲ್ಲವೂ ಹೀಗೆ ಕೂಡುವುದಿಲ್ಲ. ಗದಗು-ಬೆಟಗೇರಿ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಟ್ರ್ಯಾಕ್ಟರು, ಲಾರಿಗಳ ಗ್ಯಾರೇಜು ನಡೆಸುವವರು ಒಂದು ಕಂಪ್ರೆಸರು ಸಾಲದಾದಾಗ ಇನ್ನೊಂದನ್ನು ತಂದು ಪಕ್ಕಕ್ಕೆ ಜೋಡಿಸುವುದುಂಟು. ಆಗ ಇಮ್ಮಡಿಯಾಗುವುದು ಯಾವುದು, ಆಗದಿರುವುದು ಯಾವುದು? ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಹೌದು.

ಹೆಚ್ಚುವುದು ಗಾಳಿಯ ಪ್ರಮಾಣ, ಒತ್ತಡವಲ್ಲ. ಒಂದು ತೊಟ್ಟಿಗೆ ಇಬ್ಬರು ನೀರು ಹೊಯ್ದರೆ ತೊಟ್ಟಿ ಬೇಗ ತುಂಬೀತು. ಅದರ ಅಂಚು ಎತ್ತರವಾಗದು. ನಿಮಿಷಕ್ಕೆ 10 ಘನ ಅಡಿ ಗಾಳಿ ಕೊಡುವ ಎರಡು ಯಂತ್ರಗಳು ಕೂಡಿ 20 ಘನ ಅಡಿ ಕೊಡುತ್ತವೆ. ಬಣ್ಣ ಸಿಂಪಡಿಸುವವನಿಗೆ ಬೇಕಾದುದೂ ಇದೇ: ಕೈ ನಡುವೆ ನಿಲ್ಲದಂತೆ ಎಡೆಬಿಡದೆ ಬರುವ ಗಾಳಿ. ನಮ್ಮ ಕಂಬಾರರು ಎರಡು ತಿದಿಗಳನ್ನು ಒಂದಾದ ಮೇಲೊಂದರಂತೆ ಒತ್ತಿ ಕುಲುಮೆಯ ಉರಿ ತಗ್ಗದಂತೆ ನೋಡಿಕೊಂಡದ್ದು ಈ ಕಾರಣಕ್ಕೇ.

ಗದಗಿನವರಿಗೆ ಇದನ್ನು ಹಾರ್ಮೋನಿಯಮ್ಮಿನಿಂದ ವಿವರಿಸುವುದು ಸುಲಭ. ವೀರೇಶ್ವರ ಪುಣ್ಯಾಶ್ರಮದ ಊರಲ್ಲವೆ? ಹೊರಗಿನ ತಿದಿ ನೂಕಿದ ಗಾಳಿ ಒಳಗಿನ ತಿದಿಯಲ್ಲಿ ಸಂಗ್ರಹವಾಗಿ ಅಲ್ಲಿಂದ ಸಮನಾಗಿ ಸ್ವರಪಟ್ಟಿಗಳಿಗೆ ಹರಿಯುತ್ತದೆ. ಹೋದ ಗಾಳಿ ಹಿಂದಿರುಗದಂತೆ ತಡೆಯುವುದು ಒಂದು ತೊಗಲಿನ ತುಣುಕು. ಕಂಪ್ರೆಸರಿನಲ್ಲಿ ಸಂಗ್ರಹದ ಕೆಲಸ ಟ್ಯಾಂಕಿನದು, ತೊಗಲಿನ ಕೆಲಸ ಏಕಮುಖ ಕವಾಟದ್ದು. ಜೋಡಿಯಲ್ಲಿ ಪ್ರತಿ ಯಂತ್ರಕ್ಕೂ ಇಂಥ ಕವಾಟ ಬೇರೆಬೇರೆಯಾಗಿ ಇರಲೇಬೇಕು. ಇಲ್ಲವಾದರೆ ಓಡುವ ಯಂತ್ರ ನಿಂತ ಯಂತ್ರದೊಳಕ್ಕೆ ಗಾಳಿಯನ್ನು ತಳ್ಳುತ್ತದೆ.

ಎರಡನ್ನೂ ಒಂದೇ ಕ್ಷಣಕ್ಕೆ ಚಾಲೂ ಮಾಡಕೂಡದು. ಮೋಟಾರು ಹೊರಡುವಾಗ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಎರಡೂ ಒಮ್ಮೆಲೇ ಎಳೆದರೆ ವೋಲ್ಟೇಜು ಕುಸಿದು ಮೋಟಾರೇ ಸುಟ್ಟೀತು. ಆದ್ದರಿಂದ ಒತ್ತಡದ ಸ್ವಿಚ್ಚುಗಳನ್ನು ಹೆಚ್ಚುಕಡಿಮೆ ಮಾಡಿ ಇಡುತ್ತಾರೆ. ಮೊದಲನೆಯದು ಚದರ ಸೆಂಟಿಮೀಟರಿಗೆ 6.5 ಕಿಲೋ ಒತ್ತಡದಲ್ಲಿ ಹೊರಟು 8ಕ್ಕೆ ನಿಲ್ಲುವಂತೆಯೂ, ಎರಡನೆಯದು 6ಕ್ಕೆ ಹೊರಟು 7.5ಕ್ಕೆ ನಿಲ್ಲುವಂತೆಯೂ ಇಟ್ಟರೆ, ಸಾಧಾರಣ ಕೆಲಸವನ್ನು ಹಿರಿಯವನೊಬ್ಬನೇ ನಿಭಾಯಿಸುತ್ತಾನೆ. ಒತ್ತಡ ಇನ್ನೂ ಇಳಿದಾಗ ಮಾತ್ರ ಕಿರಿಯವನು ಏಳುತ್ತಾನೆ. ವಾರಕ್ಕೊಮ್ಮೆ ಈ ಹಿರಿತನವನ್ನು ಅದಲುಬದಲು ಮಾಡಿದರೆ ಸವೆತ ಸಮನಾಗುತ್ತದೆ. ಒಂದು ಕೆಟ್ಟಾಗ ಇನ್ನೊಂದು ಕೆಲಸ ನಿಲ್ಲಗೊಡುವುದಿಲ್ಲ. ಒಂದೇ ದೊಡ್ಡ ಯಂತ್ರಕ್ಕಿಂತ ಜೋಡಿಯೇ ಲೇಸೆಂದು ನನಗೆ ತೋರುವುದು ಇದಕ್ಕಾಗಿ.

ಅಪಾಯವಿರುವುದು ಹಳೆಯ ಟ್ಯಾಂಕಿನಲ್ಲಿ. ಹೊಸದು 12 ಕಿಲೋ ತಾಳಬಹುದು, ಹಳೆಯದು 8 ಮಾತ್ರ. ಕೊಳವೆ ಕೂಡಿದ ಮೇಲೆ ಎರಡರ ಒತ್ತಡವೂ ಒಂದೇ. ಆದ್ದರಿಂದ ದುರ್ಬಲವಾದುದೇ ಇಡೀ ಜೋಡಿಯ ಮೇರೆಯನ್ನು ನಿರ್ಣಯಿಸಬೇಕು. ಪ್ರತಿ ಟ್ಯಾಂಕಿಗೂ ತನ್ನದೇ ಸುರಕ್ಷಾ ಕವಾಟವಿರಬೇಕು, ಅದಕ್ಕೂ ಟ್ಯಾಂಕಿಗೂ ನಡುವೆ ಮುಚ್ಚುವ ನಲ್ಲಿ ಇರಕೂಡದು. ಟ್ಯಾಂಕಿನ ಬಲವನ್ನು ಪರೀಕ್ಷಿಸುವಾಗ ಗಾಳಿ ಬಿಟ್ಟು ನೀರನ್ನು ತುಂಬಿಸಿ ಒತ್ತುವುದೂ ಸುಮ್ಮನಲ್ಲ. ನೀರು ಕುಗ್ಗದ ವಸ್ತು. ತಗಡು ಬಿರಿದರೂ ಸೋರಿ ನಿಲ್ಲುತ್ತದೆ. ಕುಗ್ಗಿ ಕುಳಿತ ಗಾಳಿ ಮಾತ್ರ ಒಮ್ಮೆಲೇ ಹಿಗ್ಗಿ ತಗಡನ್ನು ಗುಂಡಿನಂತೆ ಎಸೆಯುತ್ತದೆ. ಆ ತಗಡನ್ನು ಒಳಗಿನಿಂದ ತಿನ್ನುವ ತುಕ್ಕಿಗೆ ಕಾರಣ ಗಾಳಿಯ ತೇವವೇ ಇಳಿದು ತಳದಲ್ಲಿ ನಿಂತ ನೀರು. ಕೆಳಗಿನ ನಲ್ಲಿ ತಿರುವಿ ದಿನವೂ ಅದನ್ನು ಹೊರಬಿಡಬೇಕು, ಎರಡೂ ಟ್ಯಾಂಕುಗಳಿಂದ.