ದೊಡ್ಡ ಟೈರ್ ಹಾಕಿಸುವ ಮೊದಲು ಟೇಪ್ ಹಿಡಿಯಿರಿ

ಜೀಪಿಗೆ ದೊಡ್ಡ ಟೈರ್ ಹಾಕಿಸಿದರೆ ಗತ್ತು ಬರುತ್ತದೆ, ಎರಡು ಮಾತಿಲ್ಲ. ಭಾನುವಾರ ಮೇಲುಕೋಟೆ, ಕುಂತಿಬೆಟ್ಟ, ತೊಣ್ಣೂರು ಕೆರೆ ಕಡೆ ಹೋದರೆ ಎತ್ತರ ಮಾಡಿಸಿದ ಥಾರ್, ಜಿಮ್ನಿ, ಹಳೆಯ ಜಿಪ್ಸಿಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗರಿಗೂ ಬರವಿಲ್ಲ. ಇವರಲ್ಲಿ ಬಹಳ ಮಂದಿಗೆ ಒಂದು ನಂಬಿಕೆಯಿದೆ: ಲಿಫ್ಟ್ ಕಿಟ್ ಹಾಕಿಸಿ ಗಾಡಿಯನ್ನು ಎತ್ತರಿಸಿದರೆ ಸಾಕು, ಕಂಪನಿ ಕೊಟ್ಟ ರಿಮ್‌ ಮೇಲೆಯೇ ಎಷ್ಟು ದೊಡ್ಡ ಟೈರ್ ಬೇಕಾದರೂ ಕೂರುತ್ತದೆ ಎಂದು. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಹತ್ತನೇ ಕ್ಲಾಸಿನ ಗಣಿತ ಸಾಕು.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದವನು. ಊರು ಕೆ.ಆರ್. ಪೇಟೆ ತಾಲ್ಲೂಕು. ಹಗಲು ಪಾಂಡವಪುರದ ಟೈರ್ ಅಂಗಡಿಯೊಂದರಲ್ಲಿ ವೀಲ್ ಅಲೈನ್‌ಮೆಂಟ್ ಕೆಲಸ, ರಾತ್ರಿ ಮೋಟಾರು ವಾಹನ ನಿರೀಕ್ಷಕರ ಹುದ್ದೆಯ ಪರೀಕ್ಷೆಗೆ ಓದು. ಹಗಲಿನ ಕೆಲಸ ಟೈರ್ ಮಾರು ಎನ್ನುತ್ತದೆ, ರಾತ್ರಿಯ ಓದು ತಡಿ ಎನ್ನುತ್ತದೆ. ಈ ಎರಡೂ ಎದುರುಬದುರಾದದ್ದು ನಾಗಮಂಗಲ ಕಡೆಯ ಒಬ್ಬ ಅಣ್ಣ ತಮ್ಮ ಜಿಮ್ನಿ ತಂದು ನಿಲ್ಲಿಸಿದಾಗ.

ಅವರದು ತೆಂಗಿನ ತೋಟ. ಬೇರೆ ಕಡೆ ಗಾಡಿಯನ್ನು ಎರಡು ಇಂಚು ಎತ್ತರ ಮಾಡಿಸಿಕೊಂಡು ಬಂದಿದ್ದರು. ಅವರಿಗೆ ಬೇಕಿದ್ದದ್ದು 235/75 ಆರ್15 ಅಳತೆಯ ಐದು ಟೈರ್, ಅದೂ ಕಂಪನಿ ರಿಮ್‌ಗೇ. ನಾನು ಟೇಪ್ ಹಿಡಿದು ಚಕ್ರದ ಹಿಂದೆ ಬಗ್ಗಿದ್ದು ನೋಡಿ, ‘ಎತ್ತರ ಮಾಡ್ಸಿದೀನಲ್ಲಪ್ಪ, ಇನ್ನೇನು ಅಳ್ತೀಯ?’ ಎಂದರು.

ಗೋಡೆಯ ಮೇಲಿನ ಬರಹ

ಟೈರ್‌ನ ಪಕ್ಕದ ಗೋಡೆಯ ಮೇಲೆ ಎಲ್ಲವೂ ಬರೆದಿರುತ್ತದೆ. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಅಗಲ 195 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ 80, ಅಂದರೆ 156 ಮಿ.ಮೀ. ರಿಮ್ 15 ಇಂಚು, ಅಂದರೆ 381 ಮಿ.ಮೀ. ರಿಮ್‌ಗೆ ಮೇಲೊಂದು ಗೋಡೆ, ಕೆಳಗೊಂದು ಗೋಡೆ ಸೇರಿಸಿದರೆ ಟೈರ್‌ನ ಒಟ್ಟು ಎತ್ತರ 693 ಮಿ.ಮೀ.

ಇದೇ ರೀತಿ 235/75 ಆರ್15 ಲೆಕ್ಕ ಹಾಕಿದರೆ 733.5 ಮಿ.ಮೀ. ಬರುತ್ತದೆ. 40 ಮಿ.ಮೀ. ಹೆಚ್ಚು. ಆದರೆ ಆ್ಯಕ್ಸಲ್ ಇರುವುದು ಚಕ್ರದ ನಡುವೆ. ಹಾಗಾಗಿ ಅದು ನೆಲದಿಂದ ಮೇಲೇಳುವುದು ಅರ್ಧ ಮಾತ್ರ, ಅಂದರೆ 20 ಮಿ.ಮೀ. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆ್ಯಕ್ಸಲ್. ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆಯೇ ಹೊರತು ಆ್ಯಕ್ಸಲ್ಲನ್ನಲ್ಲ. ಕಲ್ಲಿಗೆ ಮೊದಲು ತಗಲುವ ಡಿಫರೆನ್ಷಿಯಲ್ ಗುಂಡು, ಲಿಫ್ಟ್ ಮಾಡಿಸಿದ ಮೇಲೂ ಮೊದಲಿದ್ದಷ್ಟೇ ಎತ್ತರದಲ್ಲಿರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ. ಅಣ್ಣನ ಆಸೆಯಲ್ಲಿ ನ್ಯಾಯವಿದ್ದದ್ದು ಇಲ್ಲಿ.

ಎತ್ತರ ಸಿಕ್ಕಿತು, ಅಗಲ ಸಿಗಲಿಲ್ಲ

ತೊಡಕು ಇರುವುದು ಅಗಲದಲ್ಲಿ. ಲಿಫ್ಟ್‌ನಿಂದ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಜಾಗ ಸಿಗುತ್ತದೆ. ಆದರೆ ಚಕ್ರದ ಒಳಬದಿಯಲ್ಲಿ ಆ್ಯಕ್ಸಲ್ಲನ್ನು ಹಿಡಿದಿರುವ ಉದ್ದನೆಯ ಆರ್ಮ್ ಇದೆಯಲ್ಲ, ಅದಕ್ಕೂ ಟೈರ್‌ಗೂ ಇರುವ ಅಂತರ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ. ಆ ಅಂತರವನ್ನು ನಿರ್ಧರಿಸುವುದು ರಿಮ್‌ನ ಅಗಲ ಮತ್ತು ಆಫ್‌ಸೆಟ್, ಅಂದರೆ ರಿಮ್ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ. ಕಂಪನಿ ರಿಮ್ಮನ್ನೇ ಉಳಿಸಿಕೊಂಡು 195ರ ಜಾಗಕ್ಕೆ 235 ಹಾಕಿದರೆ ಹೆಚ್ಚುವರಿ 40 ಮಿ.ಮೀ.ಯಲ್ಲಿ ಸುಮಾರು ಅರ್ಧ ಒಳಕ್ಕೇ ಹೋಗುತ್ತದೆ. ನೇರ ಓಡಿಸುವಾಗ ಗೊತ್ತಾಗುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಆರ್ಮ್‌ಗೆ ಉಜ್ಜುತ್ತದೆ.

ಇನ್ನೊಂದು ವಿಷಯ ಅನೇಕರು ನೋಡುವುದೇ ಇಲ್ಲ. ಜಿಮ್ನಿಯ ರಿಮ್ ಅಗಲ ಐದೂವರೆ ಇಂಚು. 215/75 ಅಳತೆಯ ಟೈರ್ ಈ ರಿಮ್‌ಗೆ ಒಪ್ಪುತ್ತದೆ. 235/75ಕ್ಕೆ ಕನಿಷ್ಠ ಆರು ಇಂಚಿನ ರಿಮ್ ಬೇಕು. ಕಿರಿದಾದ ರಿಮ್‌ಗೆ ಅಗಲದ ಟೈರ್ ಸಿಕ್ಕಿಸಿದರೆ ಗಾಳಿಯೇನೋ ನಿಲ್ಲುತ್ತದೆ. ಆದರೆ ಗೋಡೆ ಉಬ್ಬಿ, ನಡುಭಾಗ ಮಾತ್ರ ನೆಲಕ್ಕೆ ಒತ್ತಿ ಬೇಗ ಸವೆಯುತ್ತದೆ.

ಮೀಟರ್ ಹೇಳುವ ಸುಳ್ಳು

ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೀಟರ್‌ಗೆ ಅದು ಗೊತ್ತಿಲ್ಲ. 733.5ನ್ನು 693ರಿಂದ ಭಾಗಿಸಿ ನೋಡಿ: ಸುಮಾರು ಶೇ 5.8 ವ್ಯತ್ಯಾಸ. ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿ, ಹಳೆಯ ಟೈರ್‌ನಲ್ಲಿ ಮೀಟರ್ 100 ತೋರಿಸುತ್ತಿದ್ದ ವೇಗ ಯಾವುದೋ, ಈಗ ಅದೇ 100ಕ್ಕೆ ಗಾಡಿ ಅದಕ್ಕಿಂತ ಸುಮಾರು ಆರು ಕಿ.ಮೀ. ಹೆಚ್ಚು ಓಡುತ್ತಿರುತ್ತದೆ. ಅಲ್ಲಿನ ಮಿತಿಯೇ 100. ಕ್ಯಾಮೆರಾ ನಿಮ್ಮ ಮೀಟರ್ ನೋಡುವುದಿಲ್ಲ.

ಎಂಜಿನ್‌ಗೂ ಬ್ರೇಕ್‌ಗೂ ಇದೇ ಲೆಕ್ಕ. ದೊಡ್ಡ ಚಕ್ರ ತಿರುಗಿಸಲು ಹೆಚ್ಚು ಬಲ ಬೇಕು, ನಿಲ್ಲಿಸಲೂ ಹೆಚ್ಚು ಬಲ ಬೇಕು. ಅದರ ಮೇಲೆ ಲಿಫ್ಟ್‌ನಿಂದ ಗಾಡಿಯ ಭಾರದ ಕೇಂದ್ರ ಮೇಲೇರಿರುತ್ತದೆ. ಮುಂದಿನ ಆ್ಯಕ್ಸಲ್‌ನ ಓರೆ ಬದಲಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಡಿಮೆಯಾಗಿರುತ್ತದೆ. ಅಣ್ಣನ ಗಾಡಿಯನ್ನು ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಿದಾಗ ಕಂಡದ್ದೂ ಇದೇ. ಲಿಫ್ಟ್ ಮಾಡಿದವರು ಆ ಓರೆಯನ್ನು ಸರಿಪಡಿಸಿರಲಿಲ್ಲ.

ನಮ್ಮ ಕಡೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ ಅಂದರೆ ನಾಲೆಗಳ ಸೀಮೆ. ರಸ್ತೆಯ ಒಂದು ಬದಿ ಕಬ್ಬಿನ ಗದ್ದೆ, ಇನ್ನೊಂದು ಬದಿ ತುಂಬಿ ಹರಿಯುವ ನೀರು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತದ್ದನ್ನು ಈ ತಾಲ್ಲೂಕು ಮರೆತಿಲ್ಲ. ಅದಕ್ಕೂ ಟೈರ್ ಅಳತೆಗೂ ಸಂಬಂಧವಿಲ್ಲ. ಆದರೆ ನಾಲೆ ಏರಿಯ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಸ್ಟೀರಿಂಗ್ ಹೇಳಿದಂತೆ ಕೇಳಬೇಕು ಎಂಬುದು ಇಲ್ಲಿ ಜೀವದ ಪ್ರಶ್ನೆ.

ಕಾಯ್ದೆ ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಹೇಳುತ್ತದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ವೇಳೆ ತಕರಾರಿಗೆ ದಾರಿಯಾಗಬಹುದು.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅಂಗಡಿ ಮಾಲೀಕರ ಮುಖ ಸಪ್ಪಗಾಯಿತು. ‘ಬಂದ ಗಿರಾಕಿನ ನೀನೇ ಕಳಿಸಿಬಿಡ್ತೀಯ’ ಎಂದು ಮೆಲ್ಲಗೆ ಗದರಿದರು. ಐದು ದೊಡ್ಡ ಟೈರ್‌ನ ವ್ಯಾಪಾರ ಸಣ್ಣದಲ್ಲ, ನನ್ನ ಸಂಬಳವೂ ಅದರಿಂದಲೇ ಬರಬೇಕು. ಆದರೆ ನಾಳೆ ಇದೇ ಗಾಡಿ ತಪಾಸಣೆಗೆ ಬಂದು, ನಿರೀಕ್ಷಕನ ಜಾಗದಲ್ಲಿ ನಾನೇ ನಿಂತಿದ್ದರೆ ಸಹಿ ಹಾಕುತ್ತಿದ್ದೆನೇ? ಹಾಕದ ಗಾಡಿಯನ್ನು ಇಂದು ನಾನೇ ಸಿದ್ಧ ಮಾಡಿಕೊಡಲು ಮನಸ್ಸು ಒಪ್ಪಲಿಲ್ಲ.

ಅಣ್ಣನನ್ನು ಒಂದೇ ಪ್ರಶ್ನೆ ಕೇಳಿದೆ: ‘ಗಾಡಿ ಎಲ್ಲಿ ಹೂತ್ಕೊಳ್ಳುತ್ತೆ ಅಣ್ಣ?’ ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ, ಕಲ್ಲಿನ ಮೇಲಲ್ಲ ಎಂದರು. ಕೆಸರಿಗೆ ಬೇಕಾದದ್ದು ಹಲ್ಲು. ಭತ್ತದ ಗದ್ದೆಗೆ ಇಳಿಯುವ ಟ್ರ್ಯಾಕ್ಟರ್‌ಗೆ ನಮ್ಮ ರೈತರು ಕೇಜ್ ವೀಲ್ ಹಾಕುವುದು ಅಂದಕ್ಕಲ್ಲ, ಹಿಡಿತಕ್ಕೆ. ಸ್ವಲ್ಪ ಕಿರಿದಾದ, ಆಳ ಹಲ್ಲಿನ ಟೈರ್ ತೆಳು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ.

ಅವರು ಎರಡು ದಿನ ಯೋಚಿಸಿ ಮತ್ತೆ ಬಂದರು. ಸ್ಟೀರಿಂಗ್‌ನ ಓರೆ ಸರಿಪಡಿಸುವ ಬುಷ್ ಹಾಕಿಸಿ, 215/75 ಆರ್15 ಅಳತೆಯ ಒರಟು ಹಲ್ಲಿನ ಟೈರ್ ಆರಿಸಿಕೊಂಡರು. ಮೀಟರ್ ವ್ಯತ್ಯಾಸ ಶೇ 1.5. ಆ್ಯಕ್ಸಲ್ ಎದ್ದದ್ದು ಬರೀ ಐದು ಮಿ.ಮೀ. ಇದೂ ಕಂಪನಿ ಕೊಟ್ಟ ಅಳತೆಯಲ್ಲ, ಲಿಫ್ಟ್‌ನ ಪ್ರಶ್ನೆಯೂ ಉಳಿದೇ ಇದೆ, ಆರ್‌ಟಿಒ ಕಚೇರಿಯಲ್ಲಿ ಕೇಳಿ ಎಂದು ಹೇಳಿಯೇ ಟೈರ್ ಕೂರಿಸಿದೆ.

ನೀವೂ ಟೈರ್ ಬದಲಿಸುವ ಯೋಚನೆಯಲ್ಲಿದ್ದರೆ ಇಷ್ಟು ಮಾಡಿ. ಮೊದಲು ಹೊಸ ಟೈರ್‌ನ ಒಟ್ಟು ಎತ್ತರ ಲೆಕ್ಕ ಹಾಕಿ. ಆ ಅಳತೆಗೆ ಎಷ್ಟು ಅಗಲದ ರಿಮ್ ಬೇಕೆಂದು ಟೈರ್ ಕಂಪನಿಯ ಪಟ್ಟಿಯಲ್ಲಿ ನೋಡಿ. ಭಾರ ಹೊರುವ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಬಾರದು. ಜಿಮ್ನಿಯ 96 ಅಂದರೆ ಒಂದು ಟೈರ್‌ಗೆ 710 ಕೆ.ಜಿ. ಐದೂ ಕೊಳ್ಳುವ ಮೊದಲು ಒಂದನ್ನು ಮಾತ್ರ ಮುಂದಿನ ಚಕ್ರಕ್ಕೆ ಹಾಕಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಬೇರೆ ಅಳತೆಯ ಚಕ್ರದೊಂದಿಗೆ ಫೋರ್ ವೀಲ್ ಹಾಕಿ ರಸ್ತೆಯಲ್ಲಿ ಓಡಿಸಿದರೆ ಗೇರ್‌ಗಳಿಗೆ ಪೆಟ್ಟು. ಅಂಗಡಿಯವರು ‘ಏನೂ ಆಗಲ್ಲ ಸಾರ್’ ಎಂದರೆ, ಅದನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿ.