ಮೂರು ತಲೆಮಾರಿನ ಸಂಸಾರಕ್ಕೆ ಎರಡು ದಿನದ ಪ್ರಯಾಣ

ವಾರದ ಕೊನೆಯಲ್ಲಿ ಎರಡು ದಿನದ ಬಿಡುವು ದೊರೆತರೆ ಸಂಸಾರಸಮೇತರಾಗಿ ಎಲ್ಲಿಗಾದರೂ ಹೋಗಿಬರಬೇಕೆಂಬ ಆಸೆ ಪಟ್ಟಣವಾಸಿಗಳಲ್ಲಿ ಈಗ ಸಾಮಾನ್ಯವಾಗಿದೆ. ಆದರೆ ಹೊರಡುವ ಹಿಂದಿನ ರಾತ್ರಿ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: “ನೀವು ಹೋಗಿ ಬನ್ನಿರಪ್ಪ, ನಾನು ಮನೆ ನೋಡಿಕೊಂಡಿರುತ್ತೇನೆ.” ಮನೆಗೆ ಬೀಗವಿದೆ, ನೆರೆಯವರಿದ್ದಾರೆ, ಕಾಯುವವರ ಅಗತ್ಯವೇನೂ ಇಲ್ಲ. ತನ್ನ ನಿಧಾನದಿಂದ ಎಲ್ಲರಿಗೂ ತೊಂದರೆಯಾಗುವುದೆಂಬ ಸಂಕೋಚವೇ ಅಜ್ಜಿಯ ಆ ಮಾತಿನ ತಿರುಳು. ಅವರನ್ನು ಬಲವಂತವಾಗಿ ಹೊರಡಿಸುವುದಕ್ಕಿಂತ, ಅವರ ನಡಿಗೆಗೆ ತಕ್ಕಂತೆ ಪ್ರಯಾಣವನ್ನೇ ಗೊತ್ತುಮಾಡುವುದು ಲೇಸು. ಅಂಥ ಪ್ರಯಾಣಕ್ಕೆ ಮಂಡ್ಯದ ಸೀಮೆಯಷ್ಟು ಅನುಕೂಲವಾದುದು ಬೆಂಗಳೂರಿನ ಸಮೀಪದಲ್ಲಿ ಬೇರೊಂದಿಲ್ಲವೆಂದು ನಮ್ಮ ಎಣಿಕೆ.

ಬೆಂಗಳೂರಿನಿಂದ ಮದ್ದೂರು ಸುಮಾರು 80 ಕಿಲೋಮೀಟರ್, ಮಂಡ್ಯ ಸುಮಾರು 100. ಮದ್ದೂರಿನಿಂದ ದಕ್ಷಿಣಕ್ಕೆ ತಿರುಗಿದರೆ ಒಂದು ಗಂಟೆಯೊಳಗಾಗಿ ಮಳವಳ್ಳಿ. ಇಷ್ಟು ಹತ್ತಿರವೆಂಬ ಕಾರಣದಿಂದಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ನೋಡಿಬಿಡುವ ಚಪಲ ಹುಟ್ಟುವುದು. ದಿನಕ್ಕೆ ಒಂದೇ ಸ್ಥಳವೆಂದು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು. ಮಧ್ಯಾಹ್ನದ ಊಟವಾದ ಮೇಲೆ ಎರಡು ಗಂಟೆಯ ಕಾಲ ಯಾರೂ ಯಾರನ್ನೂ ಎಬ್ಬಿಸಕೂಡದು.

ಕಾಲವನ್ನು ನೋಡಿ ಸ್ಥಳವನ್ನು ಆರಿಸಿಕೊಳ್ಳಬೇಕು. ಶಿವನಸಮುದ್ರದ ಜಲಪಾತಗಳು ತುಂಬಿ ಧುಮುಕುವುದು ಮಳೆಗಾಲದಲ್ಲಿ. ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಬಂದು ನೆಲಸುವುದು ಚಳಿಗಾಲದಿಂದ ಬೇಸಗೆಯವರೆಗೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಅವುಗಳ ಪೂರ್ಣ ವೈಭವದಲ್ಲಿ ಕಾಣುವೆನೆಂದರೆ ಆಗದು. ಏಪ್ರಿಲಿನಲ್ಲಿ ಗಗನಚುಕ್ಕಿಗೆ ಹೋಗಿ ಬರಿಯ ಬಂಡೆಗಳನ್ನು ನೋಡಿ ಗೊಣಗುತ್ತ ಹಿಂತಿರುಗುವವರು ಬಹಳ ಮಂದಿ.

ಹಿರಿಯರಿರುವ ಸಂಸಾರಕ್ಕೆ ಮೋಟಾರಿಗಿಂತ ರೈಲು ಉತ್ತಮ. ಕಾಲು ಚಾಚಬಹುದು, ಎದ್ದು ಓಡಾಡಬಹುದು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಮದ್ದೂರು, ಮಂಡ್ಯಗಳ ಹೊರಗಿನಿಂದ ಹಾದುಹೋಗುವುದರಿಂದ ವೇಗವಾಗಿ ಹೋಗುವವರಿಗೆ ಊರೇ ಕಾಣುವುದಿಲ್ಲ; ರೈಲಾದರೋ ಊರೊಳಗೇ ಇಳಿಸುತ್ತದೆ. ಮದ್ದೂರಿನ ವಡೆಯೂ ಈ ರೈಲಿನ ಕೂಸೇ. 1917ರಲ್ಲಿ ರಾಮಚಂದ್ರ ಬುದ್ಯರೆಂಬವರು ನಿಲ್ದಾಣದಲ್ಲಿ ಇದನ್ನು ಮೊದಲು ಮಾಡಿದರೆಂದೂ, ರೈಲು ಬೇಗನೆ ಬಂದುಬಿಟ್ಟುದರಿಂದ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟದ್ದೇ ಈ ತಿಂಡಿಯ ಜನ್ಮವೆಂದೂ ಹೇಳುವರು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕೂಡಿದ ಆ ವಡೆಯ ಅಂಚು ಗರಿಗರಿ, ನಡುವೆ ಮೆದು. ಹಲ್ಲಿಲ್ಲದ ತಾತನಿಗೆ ನಡುಭಾಗ, ಮೊಮ್ಮಗನಿಗೆ ಅಂಚು ಎಂದು ಹಂಚಿದರೆ ಜಗಳವಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ನಡೆಯಬೇಕಾದುದೇ ಕಡಮೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ದೂರದ ಕಾಡಿನಲ್ಲಲ್ಲ, ಊರ ನಡುವೆ, ಮನೆಗಳ ಹೆಂಚಿನ ಮೇಲೆ ಚಾಚಿದ ಹುಣಸೆ ಮರಗಳಲ್ಲಿ. ಜಗುಲಿಯೊಂದರ ಮೇಲೆ ಕುಳಿತು ತಲೆಯೆತ್ತಿದರೆ ತಾಯಿ ಹಕ್ಕಿ ಮರಿಗೆ ಮೀನು ಉಣಿಸುವುದು ಕಾಣುವುದು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ಭಾವಿಸುವರು. ಹುಣಸೆಯ ಫಲ ಕೈತಪ್ಪಿದರೂ ಗೂಡನ್ನು ಕೆಡವರು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುವುದೂ ಉಂಟು. ಬಾಣಂತನಗಳನ್ನು ಮಾಡಿದ ಅಜ್ಜಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮಕ್ಕಳಿಗೆ ಅವರೇ ಹೇಳಿಯಾರು. ಕೂಗಾಡದಂತೆ ಮಕ್ಕಳನ್ನು ತಡೆಯುವುದು ಮಾತ್ರ ತಂದೆಯ ಕೆಲಸ.

ಮಳೆಗಾಲದಲ್ಲಾದರೆ ಮಳವಳ್ಳಿಯ ದಾರಿ. ಗಗನಚುಕ್ಕಿಯನ್ನು ವೀಕ್ಷಣೆಯ ಕಟ್ಟೆಯಿಂದಲೇ ನೋಡಬಹುದಾದುದರಿಂದ ಮಂಡಿನೋವಿನವರಿಗೆ ಅದೇ ಸರಿ. ನದಿಯಾಚೆಯ ಭರಚುಕ್ಕಿಯಲ್ಲಿ ಕೆಳಗಿಳಿಯಲು ಮೆಟ್ಟಿಲುಗಳಿವೆ. ಇಳಿಯುವಾಗ ಇರುವ ಉತ್ಸಾಹ ಹತ್ತುವಾಗ ಇರುವುದಿಲ್ಲ. ತಾತನನ್ನು ಮೇಲೆಯೇ ಕೂರಿಸಿ, ಜೊತೆಗೆ ಒಬ್ಬರು ಉಳಿಯಲಿ. ಇಲ್ಲಿಯ ವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿ ಹರಿಯಿತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಈ ಕಥೆಗೆ ತಾತನಿಗಿಂತ ಒಳ್ಳೆಯ ಉಪಾಧ್ಯಾಯರು ಸಿಕ್ಕುವುದು ಕಷ್ಟ.

ಮುತ್ತತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಬಿಚ್ಚಿ ಹೇಳಲೇಬೇಕು. ಹಲಗೂರಿನಿಂದ ಕಾಡಿನ ನಡುವೆ ಹೋಗುವ ದಾರಿ, ಮುತ್ತತ್ತಿರಾಯನ ಗುಡಿ, ಮರದ ನೆರಳು ಎಲ್ಲವೂ ಮನೋಹರ. ಸೀತೆಯ ಮೂಗಿನ ಮುತ್ತು ಹೊಳೆಯಲ್ಲಿ ಬಿದ್ದಾಗ ಹನುಮಂತನು ಬಾಲದಿಂದ ನೀರನ್ನು ಕಡೆದು ತೆಗೆದನೆಂದು ಸ್ಥಳಪುರಾಣ. ನೀರಿನ ಸುಳಿಗಳು ಮಾತ್ರ ಪುರಾಣವಲ್ಲ. ಮೇಲೆ ಶಾಂತವಾಗಿ ಕಾಣುವ ಕಾವೇರಿಯಲ್ಲಿ ಈಜು ಬಲ್ಲವರೇ ಪ್ರಾಣ ಕಳೆದುಕೊಂಡಿದ್ದಾರೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರಿಬಿಡುವುದು. ಕಾಲು ತೊಳೆಯುವುದಕ್ಕೂ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಹಿರಿಯರಿಗೆ ಇಂತಹ ಕಡೆ ಧೈರ್ಯ ಕಡಮೆಯೆಂದು ಹುಡುಗರು ನಗುವರು. ಆ ಭಯವನ್ನು ಗೌರವಿಸುವುದು ಎಲ್ಲರಿಗೂ ಕ್ಷೇಮ.

ಇನ್ನು ಗೃಹಿಣಿಯ ಮಾತು. ಪ್ರಯಾಣವೆಂದ ಕೂಡಲೇ ಬೆಳಗಿನ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನ ಕಟ್ಟಿ, ಹಿಂತಿರುಗಿದ ರಾತ್ರಿ ಪಾತ್ರೆ ತಿಕ್ಕುವವಳಿಗೆ ಅದು ಬಿಡುವೇ ಅಲ್ಲ. ಒಂದು ಹೊತ್ತಿಗೆ ಬುತ್ತಿ ಸಾಕು; ಉಳಿದುದನ್ನು ಊರಿನ ಹೋಟೆಲುಗಳು ನೋಡಿಕೊಳ್ಳಲಿ. ಅಜ್ಜಿಯ ಔಷಧಗಳ ಪೊಟ್ಟಣ, ಒಂದು ಕಂಬಳಿ, ಕುಡಿಯುವ ನೀರು, ಇವುಗಳ ಹೊಣೆ ಗಂಡಸರದು. ಹೊರಡುವ ಮುನ್ನ ತಂಗುವ ಮನೆಗೆ ದೂರವಾಣಿಯಲ್ಲಿ ಕೇಳಿ, ನೆಲದ ಮಟ್ಟದ ಕೋಣೆ, ಕೂರುವಂತಹ ಪಾಯಖಾನೆ ಇವೆಯೇ ಎಂದು ತಿಳಿದುಕೊಳ್ಳುವುದನ್ನು ಮರೆಯದಿರಿ. ಈ ಒಂದು ವಿಷಯದಲ್ಲಿ ಕೊರತೆಯಾದರೆ ಮುಂದಿನ ಸಲ ಅಜ್ಜಿ ಹೊರಡುವುದೇ ಇಲ್ಲ.

ಹಿಂತಿರುಗುವ ದಾರಿಯಲ್ಲಿ ಆಲೆಮನೆ ಕಂಡರೆ ಅರ್ಧ ಗಂಟೆ ನಿಲ್ಲಬಹುದು. ಕೃಷ್ಣರಾಜಸಾಗರದ ನಾಲೆಯ ನೀರು ಬಂದ ಮೇಲೆ ಈ ಸೀಮೆಯೆಲ್ಲ ಕಬ್ಬಿನದಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾದರೂ ಬೆಲ್ಲ ಕಾಯಿಸುವುದು ನಿಲ್ಲಲಿಲ್ಲ. ಕೊಪ್ಪರಿಗೆಯ ಹತ್ತಿರಕ್ಕೆ ಮಕ್ಕಳನ್ನು ಬಿಡದೆ, ದೂರದಿಂದ ತೋರಿಸಿ. ಪಾಕ ಹದಕ್ಕೆ ಬಂದುದನ್ನು ಹೇಗೆ ತಿಳಿಯುವರೆಂದು ಅವರು ಕೇಳಿಯೇ ಕೇಳುವರು. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಆ ಬಗೆಯನ್ನು ಅಜ್ಜಿಯೇ ಮುಂದೆ ಬಂದು ಹೇಳುವರು.