ಮಾರ್ಜಾಲದ ಮುದ್ದುಹೆಸರುಗಳು

ಇಂಗ್ಲೆಂಡಿನ ಆಸ್ಥಾನಕವಿಯಾಗಿದ್ದ ರಾಬರ್ಟ್ ಸದಿಯು (1774–1843) ಕೆಸ್ವಿಕ್ ಊರಿನ ತನ್ನ ಮನೆಯಲ್ಲಿ ಅನೇಕ ಬೆಕ್ಕುಗಳನ್ನು ಸಾಕಿದ್ದನು. ಅವುಗಳಲ್ಲೊಂದು 1833ರಲ್ಲಿ ಸತ್ತಾಗ ಮಿತ್ರನಿಗೆ ಬರೆದ ಪತ್ರದಲ್ಲಿ ಅದರ ಪೂರ್ಣನಾಮವನ್ನು ಕೊಟ್ಟಿದ್ದಾನೆ. ಗ್ರಿಮ್ ಸಹೋದರರ ಕಥೆಯಿಂದ ತೆಗೆದುಕೊಂಡ ರಂಪೆಲ್‌ಸ್ಟಿಲ್ಟ್ಸ್‌ಖೆನ್ ಎಂಬ ಹೆಸರಿಗೆ ಆರ್ಚ್‌ಡ್ಯೂಕ್, ಮಾರ್ಕ್ವಿಸ್, ಅರ್ಲ್, ಬ್ಯಾರನ್ ಎಂಬ ಪದವಿಗಳೆಲ್ಲವೂ ಅಂಟಿಕೊಂಡಿವೆ. ಸಲಿಗೆಯಲ್ಲಿ ಉಳಿದುದು ಮಾತ್ರ 'ರಂಪೆಲ್' ಎಂಬಷ್ಟೇ.

ಇದು ಬರಿಯ ವಿನೋದವೆಂದು ತೋರಿದರೂ ಆ ಬಿರುದಾವಳಿಯ ಕೊನೆಯ ಮೂರು ಪದಗಳು ಶಬ್ದಶಾಸ್ತ್ರಜ್ಞರ ಗಮನಕ್ಕೆ ಅರ್ಹವಾಗಿವೆ. 'ರ್‍ಯಾಟಿಸೈಡ್' ಎಂದರೆ ಇಲಿಗಳನ್ನು ಕೊಲ್ಲುವವನು; ಇನ್ನೊಂದು ಬೆಕ್ಕಿನ ಕೂಗಿನ ಅನುಕರಣ; ಮತ್ತೊಂದು ಪರಚುವಿಕೆಯನ್ನು ಸೂಚಿಸುವುದು. ಅಮರಕೋಶದಲ್ಲಿ ಬೆಕ್ಕಿಗೆ ಹೇಳಿರುವ ಪರ್ಯಾಯಪದಗಳನ್ನು ನೋಡಿದರೆ ಇದೇ ಮನೋವ್ಯಾಪಾರವು ಅಲ್ಲಿಯೂ ಕಾಣಬರುವುದು. ಆಖುಭುಕ್ ಎಂದರೆ ಇಲಿಯನ್ನು ತಿನ್ನುವುದು. ಮಾರ್ಜಾರ ಶಬ್ದವನ್ನು ಒರಸು, ಶುಚಿಮಾಡು ಎಂಬರ್ಥದ ಧಾತುವಿನಿಂದ ಸಾಧಿಸುತ್ತಾರೆ. ಮೋರೆಯನ್ನು ತೊಳೆದುಕೊಳ್ಳುತ್ತ ಕುಳಿತ ಬೆಕ್ಕನ್ನು ಕಂಡವರಿಗೆ ಈ ವ್ಯುತ್ಪತ್ತಿಯನ್ನು ವಿವರಿಸಬೇಕಾದುದಿಲ್ಲ. ಕೋಶದಲ್ಲಿ ಗಂಭೀರವಾಗಿ ಕುಳಿತಿರುವ ಈ ನಾಮಗಳು ಮೊದಲಲ್ಲಿ ಅಡ್ಡಹೆಸರುಗಳೇ ಆಗಿದ್ದಿರಬೇಕು. ಪ್ರಾಚೀನ ಐಗುಪ್ತದ 'ಮಿಉ', ಚೀನೀಯರ 'ಮಾವ್' ಎಂಬ ಪದಗಳಂತೂ ಬೆಕ್ಕು ತಾನೇ ಹೇಳಿಕೊಂಡ ಹೆಸರುಗಳು.

ಇದಕ್ಕೆ ಪ್ರತಿಯಾಗಿ ಮನುಷ್ಯರ ಹೆಸರು ಸವೆದು ಜಾತಿವಾಚಕವಾಗುವುದೂ ಉಂಟು. ಗಿಲ್ಬರ್ಟ್ ಎಂಬುದರ ಹ್ರಸ್ವರೂಪವಾದ 'ಗಿಬ್' ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಗಂಡುಬೆಕ್ಕಿನ ಹೆಸರಾಗಿತ್ತು. 1760ರಲ್ಲಿ ಟಾಮ್ ಎಂಬ ಬೆಕ್ಕಿನ ಕಲ್ಪಿತ ಚರಿತ್ರೆಯೊಂದು ಪ್ರಕಟವಾಗಿ ಜನಪ್ರಿಯವಾದ ಬಳಿಕ ಆ ಸ್ಥಾನವು 'ಟಾಮ್'ಗೆ ಸಂದಿತು. ಮ್ಯಾಕ್‌ಬೆತ್ ನಾಟಕದ ಮಾಟಗಾತಿಯ ಬೆಕ್ಕಾದ ಗ್ರೇಮಾಲ್ಕಿನ್ ಎಂಬಲ್ಲಿ ಮಾಲ್ಕಿನ್ ಎಂಬುದು ಮಟಿಲ್ಡಾ ಎಂಬ ಸ್ತ್ರೀನಾಮದ ಮುದ್ದುರೂಪ. ರೋಮಿಯೋ ಮತ್ತು ಜೂಲಿಯೆಟ್ ನಾಟಕದಲ್ಲಿ ಟಿಬಾಲ್ಟನನ್ನು ಇಲಿಹಿಡುಕನೆಂದು ಹಂಗಿಸುವುದಕ್ಕೆ, ನರಿಯ ಕಥಾಚಕ್ರದಲ್ಲಿ ಬೆಕ್ಕಿಗೆ ಟಿಬರ್ಟ್ ಎಂಬ ಹೆಸರಿರುವುದೇ ಕಾರಣ. ಇದನ್ನು ತಿಳಿಸದೆ ಪಾಠಹೇಳಿದರೆ ಆ ಹಾಸ್ಯವು ವಿದ್ಯಾರ್ಥಿಗೆ ದಕ್ಕುವುದಿಲ್ಲ.

ಇನ್ನು ಕರೆಯುವ ಸದ್ದಿನ ವಿಚಾರ. ತುಳುವಿನ ಪುಚ್ಚೆ, ಮಲಯಾಳದ ಪೂಚ್ಚ, ತಮಿಳಿನ ಪೂಸೈ ಇವು ಒಂದೇ ಕುಲದವೆಂಬುದು ಸ್ಪಷ್ಟ. ಆದರೆ ಇಂಗ್ಲಿಷಿನ ಪುಸ್, ಡಚ್ಚರ ಪೂಸ್, ರುಮೇನಿಯದ ಪಿಸಿಕಾ ಎಂಬವುಗಳೊಡನೆ ಇವಕ್ಕಿರುವ ಸಾದೃಶ್ಯವನ್ನು ಕಂಡು ಭಾಷಾಸಂಬಂಧವನ್ನೋ ಶಬ್ದದ ಎರವನ್ನೋ ಊಹಿಸುವುದು ಅವಸರವಾದೀತು. ಬೆಕ್ಕನ್ನು ಕರೆಯುವ ತುಟಿಯ ಮತ್ತು ಹಲ್ಲಿನ ಸದ್ದು ದೇಶದೇಶಗಳಲ್ಲಿ ತಾನಾಗಿಯೇ ಹುಟ್ಟಬಲ್ಲದು. ಅಂತಹ ಪದಗಳಿಗೆ ಸಾಮಾನ್ಯ ಧ್ವನಿನಿಯಮಗಳನ್ನು ಹಚ್ಚುವುದು ಸಲ್ಲದು.

ಕನ್ನಡದ ಸ್ಥಿತಿ ಬೇರೆ. 'ಬೆಕ್ಕು' ಕರೆಯಿಂದ ಹುಟ್ಟಿದ ಪದವಲ್ಲ. ಇದರ ಹಳೆಯ ರೂಪ 'ಬೆರ್ಕು'. ಇದಕ್ಕೆ ಸಂವಾದಿಯಾದ ತಮಿಳಿನ 'ವೆರುಕು' ಕಾಡುಬೆಕ್ಕನ್ನು ಹೇಳುವುದು. ಬರೋ ಮತ್ತು ಎಮೆನೋ ಇವರ ದ್ರಾವಿಡ ನಿಷ್ಪತ್ತಿಕೋಶವೂ (1961) ಇವನ್ನು ಒಟ್ಟಿಗೇ ಇರಿಸಿದೆ. ನೆರೆಯ ಭಾಷೆಗಳು ಒಲೆಯ ಬಳಿಯ ಕರೆಯನ್ನು ಪ್ರಾಣಿಗೆ ಹೆಸರಾಗಿಸಿಕೊಂಡರೆ, ಕನ್ನಡವು ಅಡವಿಯ ಹೆಸರನ್ನೇ ಮನೆಯೊಳಕ್ಕೆ ಕರೆತಂದಿತು. ಗಂಡಿಗೆ ಬಾವುಗ ಎಂಬ ಬೇರೆ ಪದವುಂಟು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬೆಕ್ಕಿಗೆ ಕೊತ್ತಿ ಎಂದೇ ಹೆಸರು.